ಗ್ಯಾಸ್ ಏಜೆನ್ಸಿಯವರು ಊಟ ಆಯ್ತಾ ಅಂದರು

ನನ್ನ ಬಗ್ಗೆ ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಸುಮ್ಮನೆ ಕೂತು ಗೊತ್ತಿಲ್ಲ. ಕೂತರೆ ಕಾಲು ಅಲ್ಲಾಡುತ್ತದೆ, ಕಾಲು ನಿಲ್ಲಿಸಿದರೆ ಬಾಯಿ ಅಲ್ಲಾಡುತ್ತದೆ. "ಎರಡೂ ನಿಂತ್ರೆ ನಂಗೆ ಭಯ ಆಗುತ್ತೆ ಕಣ್ರೀ, ಉಸಿರಿದ್ಯಾ ಅಂತ ಬಂದು ನೋಡ್ತೀನಿ" ಅನ್ನುತ್ತಾಳೆ ನನ್ನ ಹೆಂಡತಿ ಗಿರಿಜೆ. ಇಂಥ ಮನುಷ್ಯ ಮನೆಯವರ ಖಾಸಗಿತನ ಕಾಪಾಡುವ ಕೆಲಸಕ್ಕೆ ನಿಂತರೆ ಏನಾಗುತ್ತದೆ ಅನ್ನುವುದು ಈ ಬರಹದ ವಿಷಯ. ಆ ಕೆಲಸವನ್ನು ನನಗೆ ಯಾರೂ ಕೊಟ್ಟದ್ದಲ್ಲ, ನಾನೇ ಮೈಮೇಲೆ ಎಳೆದುಕೊಂಡದ್ದು. ನನ್ನ ತಂಗಿ ರತ್ನ ಇದನ್ನು ಪೂರ್ತಿ ಓದಿ, ಸರಿ ಅಂದ ಮೇಲೆಯೇ ಹೊರಗೆ ಬಿಡುತ್ತಿದ್ದೇನೆ. ಎರಡು ಪ್ಯಾರಾಗಳನ್ನು ಅವಳು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದ್ದಾಳೆ. ಅವುಗಳಲ್ಲಿ ನನ್ನ ಒಳ್ಳೆಯ ಗುಣಗಳ ವರ್ಣನೆ ಇತ್ತು.

ನಂಜನಗೂಡಿನ ನಮ್ಮ ಬೀದಿಯಲ್ಲಿ ಖಾಸಗಿ ಅನ್ನುವ ಪದ ಬಸ್ಸಿನ ಮೇಲೆ ಬಿಟ್ಟರೆ ಬೇರೆಲ್ಲೂ ಕಾಣುವುದಿಲ್ಲ. ಮಾರ್ಕೆಟ್ಟಿನಲ್ಲಿ ಅರ್ಧ ಕೆಜಿ ಹಾಗಲಕಾಯಿ ಕೊಂಡು ಮನೆ ಮುಟ್ಟುವಷ್ಟರಲ್ಲಿ, ಪಕ್ಕದ ಮನೆಯ ಪಾರ್ವತಮ್ಮನವರು ಕಾಂಪೌಂಡಿನ ಮೇಲಿಂದ ಇಣುಕಿ "ಯಾರಿಗೆ ಶುಗರ್ರು, ನಿಮಗೋ ಅವರಿಗೋ?" ಅಂತ ಗಿರಿಜೆಯನ್ನು ಕೇಳಿ ಆಗಿರುತ್ತದೆ. ಜೆರಾಕ್ಸ್ ಅಂಗಡಿಯವನ ವಾಟ್ಸಾಪಿಗೆ ನಾವೆಲ್ಲ ಆಧಾರು, ಪಹಣಿ, ಮಕ್ಕಳ ಅಂಕಪಟ್ಟಿ, ರಕ್ತಪರೀಕ್ಷೆಯ ರಿಪೋರ್ಟು ಎಲ್ಲವನ್ನೂ ಕಳಿಸಿ "ಎರಡು ಕಾಪಿ" ಅಂತ ಬರೆಯುತ್ತೇವೆ. ಅವನು ಮನಸ್ಸು ಮಾಡಿದರೆ ತಾಲ್ಲೂಕಿನ ಅರ್ಧ ಜನರ ಮದುವೆ ಮಾಡಿಸಬಹುದು, ಇನ್ನರ್ಧದ್ದು ಮುರಿಸಬಹುದು. ಇದನ್ನೆಲ್ಲ ನಾನು ಐವತ್ತೆರಡು ವರ್ಷ ಸಹಿಸಿಕೊಂಡೇ ಬಂದಿದ್ದೆ. ಸಹಿಸಿಕೊಂಡೆ ಅನ್ನುವುದೂ ಸುಳ್ಳು, ನನಗೆ ಅದು ಇಷ್ಟವೇ ಆಗಿತ್ತು. ಪಾರ್ವತಮ್ಮನವರು ಕೇಳದೆ ಇದ್ದ ದಿನ ನಾನೇ ಹೋಗಿ ಹೇಳುತ್ತಿದ್ದೆ.

ನನ್ನನ್ನು ಕೆಡಿಸಿದ್ದು ಒಂದು ತರಬೇತಿ. ನಾನು ಟಿ. ನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ದಿನಾ ಬೆಳಿಗ್ಗೆ ನಂಜನಗೂಡಿನಿಂದ ಬಸ್ಸಿನಲ್ಲಿ ಹೋಗಿ ಸಂಜೆ ಅದೇ ಬಸ್ಸಿನಲ್ಲಿ ವಾಪಸ್ಸು. ಒಂದು ಶನಿವಾರ ಮೈಸೂರಿನಿಂದ ಒಬ್ಬ ಮೇಡಂ ಬಂದು, ಸೈಬರ್ ವಂಚನೆಯ ಬಗ್ಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಹೇಳಿದರು. ಉಳಿದವರು ಮಧ್ಯಾಹ್ನದ ಪಲಾವಿನ ಮೇಲೆ ತೂಕಡಿಸಿದರು. ನಾನು ಮಾತ್ರ ಕಾಲು ಅಲ್ಲಾಡಿಸುತ್ತ ಒಂದಕ್ಷರ ಬಿಡದೆ ಬರೆದುಕೊಂಡೆ. "ಮೋಸಗಾರರು ಬೆದರಿಸಿಕೊಂಡು ಬರಲ್ಲ. ಪ್ರೀತಿಯಿಂದ ಬರ್ತಾರೆ. ಊಟ ಆಯ್ತಾ ಅಂತ ಕೇಳ್ತಾರೆ. ಆಮೇಲೆ ಯಾರಿಗೂ ಹೇಳಬೇಡಿ ಅಂತಾರೆ. ಆ ಮಾತು ಬಂತು ಅಂದ್ರೆ ಕಣ್ಣು ಮುಚ್ಚಿ ಬ್ಲಾಕ್ ಮಾಡಿ. ಮನೇಲಿ ಒಂಟಿ ಹೆಣ್ಣುಮಕ್ಕಳಿದ್ರೆ ಇನ್ನೂ ಹುಷಾರಾಗಿರಿ" ಅಂದರು ಮೇಡಂ. ಅಷ್ಟು ಹೇಳಿದ್ದೇ ತಡ, ನನಗೆ ರತ್ನನ ನೆನಪಾಯಿತು.

ರತ್ನ ನನಗೆ ಒಬ್ಬಳೇ ತಂಗಿ. ಗಂಡ ತೀರಿಕೊಂಡು ಹತ್ತು ವರ್ಷ. ಚಿಕ್ಕಯ್ಯನಛತ್ರದ ಕಡೆ ಒಂದು ಪ್ರೈಮರಿ ಸ್ಕೂಲಿನಲ್ಲಿ ಟೀಚರು, ಇರುವುದು ನಮ್ಮ ಮನೆಯ ಮಹಡಿಯ ಎರಡು ಕೋಣೆಯಲ್ಲಿ. ಐದು ವರ್ಷದ ಹಿಂದೆ ಅವಳಿಗೆ ಒಂದು ಒಳ್ಳೆಯ ಸಂಬಂಧ ಬಂದಿತ್ತು. ನಾನು ಯಾರಿಗೂ ಹೇಳಲಿಲ್ಲ, ಬರೀ ಅಭಿಪ್ರಾಯ ಕೇಳಿದೆ. ಕಚೇರಿಯಲ್ಲಿ ನಾಲ್ವರನ್ನು, ಬಸ್ಸಿನಲ್ಲಿ ಒಂದಿಬ್ಬರನ್ನು, ತಾಂಡವಪುರದ ಚಿಕ್ಕಮ್ಮನನ್ನು, ಕಟಿಂಗ್ ಶಾಪಿನವನನ್ನು, ಹೀಗೆ. ಆ ಮನುಷ್ಯ ಮನೆ ನೋಡಲು ಬಂದ ದಿನ, ಬಸ್ ಸ್ಟ್ಯಾಂಡಿನಲ್ಲಿ ಇಳಿದವನಿಗೆ ಕೇಳದೆಯೇ ಮೂರು ಜನ ದಾರಿ ತೋರಿಸಿದರಂತೆ. ಒಬ್ಬರು "ಮೊದಲ್ನೇ ಎಂಡ್ತಿ ಎಂಗೆ ತೀರೋದ್ರು ಸಾ?" ಅಂತ ವಿಚಾರಿಸಿಯೂ ಬಿಟ್ಟರಂತೆ. ನಮ್ಮ ಮನೆಯಲ್ಲಿ ಕಾಫಿ ಕುಡಿದು ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಜನರ ಬಾಯಿ ಎಷ್ಟು ಕೆಟ್ಟದ್ದು ನೋಡಿ ಅಂತ ನಾನು ವರ್ಷಗಟ್ಟಲೆ ಬೈದುಕೊಂಡು ತಿರುಗಿದೆ. ರತ್ನ ಮಾತ್ರ ಆಮೇಲೆ ಆ ವಿಷಯವನ್ನೇ ಎತ್ತಲಿಲ್ಲ.

ತರಬೇತಿಯ ಮರುದಿನ ಭಾನುವಾರ. ಬೆಳಿಗ್ಗೆ ಕಾಫಿಯೂ ಕುಡಿಯದೆ ಕೆಲಸಕ್ಕೆ ಕೂತೆ. ಕೊರಿಯರ್ ಕವರುಗಳ ಮೇಲಿದ್ದ ವಿಳಾಸಗಳನ್ನೆಲ್ಲ ಕತ್ತರಿಸಿ ಒಲೆಗೆ ಹಾಕಿದೆ. ಗಿರಿಜೆಯ ಫೋನಿನ ಮುಂದಿನ ಕ್ಯಾಮೆರಾಕ್ಕೆ ಗಾಯದ ಪಟ್ಟಿ ಅಂಟಿಸಿದೆ. ಅಮೆರಿಕವೋ ಎಲ್ಲೋ ಇರುವ ಅವಳ ತಮ್ಮ ಎಂದಾದರೂ ವಿಡಿಯೋ ಕಾಲ್ ಮಾಡಿದರೆ ಕಷ್ಟ ಅಂತ ಅವಳು ಗೊಣಗಿದಳು. ಅವನು ಮದುವೆಯಾದ ಮೇಲೆ ಕಾಲ್ ಮಾಡಿದ್ದೇ ಇಲ್ಲ ಅಂತ ನೆನಪಿಸಿದೆ. ಆಮೇಲೆ ಮೂರೂ ಫೋನುಗಳಿಗೆ ಬೇಡದ ನಂಬರುಗಳನ್ನು ತಡೆಯುವ ಒಂದು ಆ್ಯಪು ಹಾಕಿ, ಅದಕ್ಕೆ ಹದಿನಾರು ಅಕ್ಷರದ ಪಾಸ್‌ವರ್ಡ್ ಕೊಟ್ಟೆ. ಜಗಲಿಯ ಬೆಳಕಿನಲ್ಲಿ ಕೂತು, ಒಂದೂ ತಪ್ಪಬಾರದು ಅಂತ ಒಂದೊಂದೇ ಅಕ್ಷರ ಹೇಳಿಕೊಂಡು ಹಾಕಿದೆ. ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಕಳ್ಳರಿಗೆ ತಿಳಿಯದ ಹಾಗೆ ಹಿಂದುಮುಂದು ಮಾಡಿ ಬರೆದು, ನೋಟ್‌ಬುಕ್ಕನ್ನು ಅಕ್ಕಿ ಡ್ರಮ್ಮಿನ ತಳದಲ್ಲಿ ಹೂತೆ.

ಮಧ್ಯಾಹ್ನ ರತ್ನ ಸ್ನಾನಕ್ಕೆ ಹೋಗುವ ಮುಂಚೆ, "ತಗೋ ಅಣ್ಣ, ಬೇಗ ಮಾಡಿಕೊಡು" ಅಂತ ಫೋನು ಕೊಟ್ಟು ಹೋಗಿದ್ದಳು. ನಾನು ಆ್ಯಪು ಹಾಕುತ್ತಿರುವಾಗಲೇ ಪರದೆಯ ಮೇಲೆ ಒಂದು ಮೆಸೇಜು ಬಂತು. ಹೆಸರು 'ಗ್ಯಾಸ್ ಏಜೆನ್ಸಿ'. ಮೆಸೇಜು: 'ಊಟ ಆಯ್ತಾ? ತಲೆನೋವು ಹೇಗಿದೆ?'

ನಾನು ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ನಮ್ಮ ಗ್ಯಾಸಿನವರು ನನಗೆ ಗೊತ್ತಿಲ್ಲವೇ? ಗೇಟಿನ ಹತ್ತಿರ ಸಿಲಿಂಡರು ಉರುಳಿಸಿ ಹೋಗುವವರು. ನಾವು ಬದುಕಿದ್ದೇವೋ ಇಲ್ಲವೋ ಅಂತ ಇವತ್ತಿನವರೆಗೆ ವಿಚಾರಿಸಿದವರಲ್ಲ. ಅವರಿಗೆ ನನ್ನ ತಂಗಿಯ ತಲೆನೋವು ಕಟ್ಟಿಕೊಂಡು ಏನಾಗಬೇಕು? ನೋಡುತ್ತಿದ್ದ ಹಾಗೆಯೇ ಎರಡನೆಯದು ಬಂತು. 'ನಾಳೆ ಖಂಡಿತ ತಿಳಿಸುತ್ತೇನೆ. ಅಲ್ಲಿಯವರೆಗೆ ಯಾರಿಗೂ ಹೇಳಬೇಡಿ.'

ಮೇಡಂ ಹೇಳಿದ ಎರಡು ಲಕ್ಷಣಗಳೂ ಒಂದರ ಹಿಂದೆ ಒಂದು! ಬಚ್ಚಲಿನಲ್ಲಿ ರತ್ನ ನೀರು ಹೊಯ್ದುಕೊಳ್ಳುವ ಸದ್ದು ಕೇಳುತ್ತಿತ್ತು. ಅಷ್ಟರಲ್ಲೇ ಆ ನಂಬರನ್ನು ಆ್ಯಪಿಗೆ ತುಂಬಿದೆ, ಕಾಲೂ ಬರದ ಹಾಗೆ ಮೆಸೇಜೂ ಬರದ ಹಾಗೆ ಬೀಗ ಜಡಿದೆ. ಬಂದಿದ್ದ ಎರಡು ಮೆಸೇಜುಗಳನ್ನೂ ಅಳಿಸಿದೆ. ಅವಳಿಗೆ ಹೇಳಲಿಲ್ಲ. ಹೆಣ್ಣುಮಗಳು, ಮೋಸ ಹೋಗುತ್ತಿದ್ದೆ ಅಂತ ಗೊತ್ತಾದರೆ ನೊಂದುಕೊಳ್ಳುತ್ತಾಳೆ ಅನ್ನಿಸಿತು. ಫೋನು ವಾಪಸ್ಸು ಕೊಡುವಾಗ "ಇನ್ನು ನಿನಗೆ ಯಾವ ಕಾಟವೂ ಇಲ್ಲ" ಅಂದೆ. ಅವಳು ನಕ್ಕು "ಥ್ಯಾಂಕ್ಸ್ ಅಣ್ಣ" ಅಂದಳು.

ಸೋಮವಾರ ಅವಳು ಹತ್ತು ಸಲ ಫೋನು ನೋಡಿದಳು. ಮಂಗಳವಾರ ಆಫ್ ಮಾಡಿ ಆನ್ ಮಾಡಿದಳು. ಬುಧವಾರ ಮುದ್ದೆ ಮುರಿದವಳು ಬಾಯಿಗಿಡದೆ ಎದ್ದು ತಾರಸಿಗೆ ಹೋದಳು. ಗಿರಿಜೆ ಅವಳ ಹಿಂದೆಯೇ ಹೋಗಿ ಬಹಳ ಹೊತ್ತು ಬರಲಿಲ್ಲ. ತಂಗಿಯ ಮುಖ ನೋಡಲಾಗುತ್ತಿರಲಿಲ್ಲ. ಚಟ ಬಿಡಿಸುವಾಗ ಮೊದಮೊದಲು ಹೀಗೇ ಆಗುವುದು ಅಂತ ಸಮಾಧಾನ ಮಾಡಿಕೊಂಡೆ. ಅದಕ್ಕಿಂತ ದೊಡ್ಡ ಸಂಕಟ ಅಂದರೆ, ಇಷ್ಟು ದೊಡ್ಡ ಕೆಲಸ ಮಾಡಿಯೂ ಯಾರಿಗೂ ಹೇಳುವ ಹಾಗಿಲ್ಲ. ಕಚೇರಿಯಲ್ಲಿ ಕುರ್ಚಿ ಮೇಲೆ ಕೂರಲಾರೆ, ನಿಲ್ಲಲಾರೆ. ನಾಲ್ಕು ದಿನ ತಡೆದುಕೊಂಡೆ. ನನ್ನ ಜೀವಮಾನದಲ್ಲಿ ಅದೇ ಹೆಚ್ಚು.

ಗುರುವಾರ ಸಂಜೆ ಬಸ್ಸಿನಲ್ಲಿ ಕಂಡಕ್ಟರ್ ಬಸವರಾಜು ಪಕ್ಕ ಬಂದು ಕೂತ. ಇಪ್ಪತ್ತು ವರ್ಷದ ಪರಿಚಯ. "ಬಸವರಾಜು, ನಿನ್ನಲ್ಲೇ ಇರಲಿ" ಅಂತ ಶುರು ಮಾಡಿ ಎಲ್ಲ ಹೇಳಿದೆ. ಗ್ಯಾಸ್ ಏಜೆನ್ಸಿ ಹೆಸರಿನ ಕಳ್ಳ, ಊಟ, ತಲೆನೋವು, ನನ್ನ ಸಮಯಸ್ಫೂರ್ತಿ, ಏನನ್ನೂ ಬಿಡಲಿಲ್ಲ. ಬಸವರಾಜು ಮೆಚ್ಚುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಬಿಳಿಚಿಕೊಂಡಿತು.

"ನೀವಾ ಸಾ ಬ್ಲಾಕ್ ಮಾಡಿರೋದು?"

"ಇನ್ಯಾರು?"

"ಅಯ್ಯಯ್ಯೋ! ಅಲ್ಲಿ ಅವ್ರು..." ಅಂದವನು ನಾಲಿಗೆ ಕಚ್ಚಿಕೊಂಡ. ಎದ್ದು ಹೋಗಿ ಟಿಕೆಟ್ ಮೆಷಿನ್ನು ಕುಟ್ಟುತ್ತ ಮುಂದಿನ ಬಾಗಿಲಲ್ಲೇ ನಿಂತುಬಿಟ್ಟ. ನಂಜನಗೂಡಿನವರೆಗೆ ನನ್ನ ಕಡೆ ತಿರುಗಲಿಲ್ಲ. ಇವನೂ ಆ ಗುಂಪಿಗೆ ಸೇರಿದವನಿರಬಹುದೇ ಅಂತ ನನಗೆ ಆ ಕ್ಷಣ ಅನುಮಾನ ಬಂತು.

ಶುಕ್ರವಾರ ಅನುಮಾನ ಗಟ್ಟಿಯಾಯಿತು. ನಮ್ಮ ಕಡೆ ಬಸ್ಸಿನಲ್ಲಿ ಜನರಿಗಿಂತ ಸಾಮಾನು ಹೆಚ್ಚು ನಂಬಿಕೆಯಿಂದ ಓಡಾಡುತ್ತದೆ. ನರಸೀಪುರದಲ್ಲಿ ಕಂಡಕ್ಟರನ ಕೈಗೆ ಔಷಧಿಯೋ ಬೀಗದ ಕೈಯೋ ಊಟದ ಕ್ಯಾರಿಯರೋ ಕೊಟ್ಟರೆ, ಅವನು ಅದನ್ನು ನಂಜನಗೂಡಿನ ಬಸ್ ಸ್ಟ್ಯಾಂಡಿನ ಎದುರು ಹೂ ಮಾರುವ ಸಾಕಮ್ಮನ ಹತ್ತಿರ ಇಟ್ಟು ಹೋಗುತ್ತಾನೆ. ಬೇಕಾದವರು ಬಂದು ಹೆಸರು ಹೇಳಿ ತೆಗೆದುಕೊಳ್ಳುತ್ತಾರೆ. ಸಾಕಮ್ಮನಿಗೆ ಓದು ಬರುವುದಿಲ್ಲ. ಯಾವ ಗಂಟು ಯಾರದು ಅನ್ನುವುದೆಲ್ಲ ತಲೆಯಲ್ಲೇ. ಆವತ್ತು ಬಸ್ಸಿಳಿದ ನಾನು ಹಿಂದಿನಿಂದ ನೋಡುತ್ತಿದ್ದೇನೆ, ಬಸವರಾಜು ಅಂಗಿಯೊಳಗಿಂದ ಒಂದು ಉದ್ದನೆಯ ಕವರು ತೆಗೆದು ಸಾಕಮ್ಮನ ಬುಟ್ಟಿಯ ಕೆಳಗೆ ತಳ್ಳಿದ. ಅದರ ಮೇಲೆ ನೀಲಿ ಶಾಯಿಯಲ್ಲಿ, ಸುರುಳಿ ಸುರುಳಿಯಾಗಿ, ಮದುವೆ ಪತ್ರಿಕೆಯ ಹಾಗೆ ಬರೆದ ಅಕ್ಷರ: 'ರತ್ನ'.

ಬ್ಲಾಕ್ ಮಾಡಿದ ಕಳ್ಳ ಬಸ್ಸು ಹತ್ತಿ ಬಂದಿದ್ದ! ನಾನು ನೇರ ನುಗ್ಗಿದೆ. "ಸಾಕಮ್ಮ, ಆ ಕವರು ಕೊಡು."

"ಯಾವ್ ಕವರು?" ಕಾಕಡ ಹೂ ಕಟ್ಟುತ್ತಿದ್ದ ಕೈ ನಿಲ್ಲಲಿಲ್ಲ.

"ರತ್ನನದು. ನನ್ನ ತಂಗಿ ಕಣಮ್ಮ, ನಿನಗೆ ಗೊತ್ತಿಲ್ವಾ?"

"ಗೊತ್ತು ಸಾ. ನಿಮ್ಮ ಎಸ್ರೇನು?"

"ಇಪ್ಪತ್ತು ವರ್ಷದಿಂದ ನಿನ್ನ ಹತ್ರ ಹೂ ತಗೊಳ್ತಿದ್ದೀನಿ! ಮಹದೇವಸ್ವಾಮಿ."

"ಮಾದೇವಸ್ವಾಮಿ ಎಸ್ರಿಗೆ ಏನೂ ಬಂದಿಲ್ಲ, ಓಗಿ."

"ನಾನು ಅವಳ ಅಣ್ಣ!"

"ಅಣ್ಣ ಆದ್ರೇನು, ತಮ್ಮ ಆದ್ರೇನು? ಎಸ್ರು ಯಾರ್ದೋ ಅವ್ರಿಗೇ ಕೊಡಾದು. ನಿಮ್ ಎಂಡ್ರು ಬಂದು ನಿಮ್ಮ ಕವರು ಕೇಳಿದ್ರೂ ನಾನು ಕೊಡಾಕಿಲ್ಲ. ಒಸಿ ಪಕ್ಕಕ್ಕೆ ನಿಂತ್ಕಳಿ, ಯಾಪಾರ ಓಯ್ತದೆ."

ಮೈಸೂರಿನ ಮೇಡಂ ಇಡೀ ದಿನ ಹೇಳಿದ್ದನ್ನು ಈಕೆ ಅರ್ಧ ಮೊಳ ಹೂ ಕಟ್ಟುವಷ್ಟರಲ್ಲಿ ಹೇಳಿ ಮುಗಿಸಿದಳು. ಆಗ ನನಗೆ ಅದೆಲ್ಲ ಹೊಳೆಯಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು. ಪಕ್ಕದ ಅಂಗಡಿಯಲ್ಲಿ ನೇತುಹಾಕಿದ್ದ ರಸಬಾಳೆ ಗೊನೆಗಳ ಹಿಂದೆ ಹೋಗಿ ನಿಂತೆ. ಕಾಲು ಅಲ್ಲಾಡಿಸಿದರೆ ಗೊನೆ ಅಲ್ಲಾಡುತ್ತದೆ ಅಂತ ಅಂಗಡಿಯವನು ಬೈದ. ಸ್ವಲ್ಪ ಹೊತ್ತಿಗೆ ರತ್ನ ಸ್ಕೂಲಿನ ಬ್ಯಾಗು ನೇತುಹಾಕಿಕೊಂಡು ಬಂದಳು. ಸಾಕಮ್ಮ ಏನೋ ಪಿಸುಗುಟ್ಟಿ ಕವರು ಕೊಟ್ಟಳು. ರತ್ನ ಅಲ್ಲೇ ನಿಂತು ಒಡೆದಳು, ಓದಿದಳು. ಐದು ದಿನದಿಂದ ಬಾಡಿದ್ದ ಮುಖ ನೋಡುತ್ತಿದ್ದ ಹಾಗೆ ಅರಳಿತು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಸಾಕಮ್ಮ ಹೂ ಬಿಟ್ಟು ಎದ್ದು ಅವಳ ಬೆನ್ನು ಸವರಿದಳು. ಕಳ್ಳರ ಕಾಗದ ಓದಿ ಹಾಗೆ ಯಾರೂ ಅಳುವುದಿಲ್ಲ ಅಂತ ಆಗ ನನ್ನ ಮಂಡೆಗೆ ಹೋಯಿತು. ಗೊನೆಯ ಹಿಂದಿನಿಂದ ಈಚೆ ಬಂದೆ.

"ಅಣ್ಣಾ, ನನ್ನ ಫೋನಿಗೆ ಏನು ಮಾಡಿದೆ?" ಅಂದಳು ರತ್ನ.

ಹೇಳಿದೆ. ಗ್ಯಾಸ್ ಏಜೆನ್ಸಿ ಅನ್ನುವಾಗ ಸಾಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ರತ್ನ ನಗಲಿಲ್ಲ. ಆ ಹೆಸರಿನ ಮರೆಯಲ್ಲಿ ಅವಳು ಫೋನಿನಲ್ಲಿ ಬಚ್ಚಿಟ್ಟಿದ್ದವರು ನರಸೀಪುರದ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಹೆಂಡತಿ ಹೋಗಿ ಆರು ವರ್ಷ. ಚುನಾವಣೆ ಡ್ಯೂಟಿಯಲ್ಲಿ ಇಬ್ಬರಿಗೂ ಒಂದೇ ಮತಗಟ್ಟೆ ಬಿದ್ದು ಪರಿಚಯವಾದದ್ದು. ವಯಸ್ಸಾದ ತಾಯಿಯನ್ನು ಕೇಳಿ, ಅವರು ಒಪ್ಪಿದರೆ ಸೋಮವಾರ ತಿಳಿಸುತ್ತೇನೆ ಅಂದಿದ್ದರು. ತಾಯಿ ಒಪ್ಪಿದ್ದರು. ಸೋಮವಾರದಿಂದ ಆ ಪುಣ್ಯಾತ್ಮರು ಹೂಂ ಅಂತ ತಿಳಿಸುತ್ತಲೇ ಇದ್ದರು, ನನ್ನ ಬೀಗ ಅದನ್ನು ತಡೆಯುತ್ತಲೇ ಇತ್ತು. ಇವಳು ತಾಯಿ ಬೇಡ ಅಂದರು ಅಂದುಕೊಂಡಳು. ತಾನಾಗಿ ಫೋನು ಮಾಡಿ ಕೇಳಲು ಮಾನ ಅಡ್ಡ ಬಂತು. ಇವಳೇ ಮನಸ್ಸು ಬದಲಿಸಿದಳು ಅಂತ ಅವರು ಅಂದುಕೊಂಡರು. ಗುರುವಾರ ನಾನು ಬಸವರಾಜುವಿನ ಹತ್ತಿರ ಬಾಯಿ ಬಿಡದೆ, ಅವನು ಹೋಗಿ ಮೇಷ್ಟ್ರಿಗೆ ತಿಳಿಸದೆ ಇದ್ದಿದ್ದರೆ ಆ ಸಂಬಂಧ ಅಲ್ಲಿಗೇ ಮುಗಿದಿತ್ತು.

"ಒಂದು ಮಾತು ನನಗೆ ಹೇಳಬಾರದಿತ್ತಾ? ನಾನು ಬೇಡ ಅಂತಿದ್ನಾ?" ಅಂದೆ. ನನಗೂ ಅಳು ಬಂದಿತ್ತು.

"ಬೇಡ ಅಂದಿದ್ರೆ ಪರವಾಗಿರಲಿಲ್ಲ ಅಣ್ಣ. ನೀನು ಬೇಕು ಅಂದು ಊರೆಲ್ಲ ಹೇಳಿಕೊಂಡು ಬರ್ತಿದ್ದೆ. ಆ ಸಲ ಸಂಬಂಧ ಬಂದಿತ್ತಲ್ಲ, ಅದನ್ನ ಜನ ಕೆಡಿಸಿದ್ದು ಅಂತೀಯ. ಜನಕ್ಕೆ ಹೇಳಿದ್ದು ಯಾರು?"

ನಾನು ಸುಮ್ಮನಿದ್ದೆ. ಕಾಲೂ ಅಲ್ಲಾಡಲಿಲ್ಲ.

"ಸಾಕಮ್ಮಂಗೆ ಗೊತ್ತು. ಬಸವರಾಜುಗೆ ಗೊತ್ತು. ಒಂದು ಭಾನುವಾರ ಸೋಮನಾಥಪುರದ ದೇವಸ್ಥಾನದಲ್ಲಿ ಜೆರಾಕ್ಸ್ ಅಂಗಡಿಯವನು ನಮ್ಮಿಬ್ಬರನ್ನೂ ನೋಡಿದ, ಅವನಿಗೂ ಗೊತ್ತು. ಅತ್ತಿಗೆಗೆ ಮೊದಲನೇ ದಿನದಿಂದ ಗೊತ್ತು. ಎಂಟು ತಿಂಗಳಿಂದ ಇಷ್ಟೂ ಜನ ಬಾಯಿ ಮುಚ್ಚಿಕೊಂಡಿದ್ದಾರೆ. ಯಾಕೆ ಹೇಳು? ನಿನ್ನ ಕಿವಿಗೆ ಬೀಳಬಾರದು ಅಂತ."

ಯಾರ ಬಾಯಿ ಕೆಟ್ಟದ್ದು ಅಂತ ನಾನು ವರ್ಷಗಟ್ಟಲೆ ಬೈದಿದ್ದೆನೋ, ಅವರೆಲ್ಲ ಸೇರಿ ಎಂಟು ತಿಂಗಳು ನನ್ನ ತಂಗಿಯ ಗುಟ್ಟನ್ನು ನನ್ನಿಂದ ಕಾಪಾಡಿದ್ದರು. ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ಅವಳು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಎದುರು ಸಿಕ್ಕ ಪರಿಚಯದವರೆಲ್ಲ ಅವಳ ಮುಖ ನೋಡಿ ನಕ್ಕರು, ನನ್ನ ಮುಖ ನೋಡಿ ಹವಾಮಾನದ ಮಾತಾಡಿದರು. ಅಷ್ಟು ಅವಮಾನ ನನಗೆ ಹಿಂದೆಂದೂ ಆಗಿರಲಿಲ್ಲ.

ಮನೆಗೆ ಹೋಗಿ ಬೀಗ ತೆಗೆಯೋಣ ಅಂದರೆ ಪಾಸ್‌ವರ್ಡ್ ನೆನಪಿಲ್ಲ. ಅಕ್ಕಿ ಡ್ರಮ್ಮಿಗೆ ಭುಜದವರೆಗೆ ಕೈ ಹಾಕಿ ನೋಟ್‌ಬುಕ್ ತೆಗೆದೆ. ಹಿಂದುಮುಂದು ಮಾಡಿ ಬರೆದಿದ್ದೆನಲ್ಲ, ಯಾವುದು ಹಿಂದು ಯಾವುದು ಮುಂದು ಅನ್ನುವುದು ನನಗೇ ತಿಳಿಯಲಿಲ್ಲ. ಮೂರು ಸಲ ತಪ್ಪು ಹಾಕಿದೆ. ಇನ್ನೆರಡು ಸಲ ತಪ್ಪಿದರೆ ಆ್ಯಪು ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ ಅಂತ ಪರದೆ ಹೆದರಿಸಿತು. ಬೆವರು ಒರೆಸಿಕೊಳ್ಳುತ್ತಿದ್ದಾಗ ಕಾಂಪೌಂಡಿನ ಆಚೆಯಿಂದ ಪಾರ್ವತಮ್ಮನವರ ದನಿ ಬಂತು. "ಸ್ವಾಮಿಗಳೇ, ಮೊದಲು ನಿಮ್ಮ ತಾಯಿ ಹೆಸರು, ಆಮೇಲೆ ಒಂದು ನಕ್ಷತ್ರ, ಆಮೇಲೆ ನಿಮ್ಮ ಹುಟ್ಟಿದ ವರ್ಷ, ಕೊನೇಲಿ ಎರಡು ಸೊನ್ನೆ. ಆವತ್ತು ಜಗಲೀಲಿ ಕೂತು ಕೂಗಿಕೊಂಡು ಹಾಕಿದ್ರಲ್ಲ, ಬೀದಿಗೆಲ್ಲ ಬಾಯಿಪಾಠ ಆಗಿದೆ!"

ಹಾಕಿದೆ. ಬೀಗ ತೆರೆಯಿತು. ಸೋಮವಾರದಿಂದ ತಡೆದು ನಿಂತಿದ್ದ ಮೆಸೇಜುಗಳು ಟಿಣ್ ಟಿಣ್ ಅಂತ ಒಂದರ ಮೇಲೊಂದು ಬರತೊಡಗಿದವು. ಅಭ್ಯಾಸಬಲದಿಂದ ನನ್ನ ಕಣ್ಣು ಪರದೆಯ ಕಡೆ ಹೋಯಿತು. ರತ್ನ ಕೈ ಚಾಚಿದಳು. ನಾನು ಫೋನನ್ನು ಬೋರಲು ಮಾಡಿ ಅವಳ ಕೈಗಿಟ್ಟೆ. ಅವಳು ಮಹಡಿ ಹತ್ತಿ ಹೋದಳು. ಆ ಮೆಸೇಜುಗಳಲ್ಲಿ ಏನಿತ್ತೋ, ಆ ಕವರಿನಲ್ಲಿ ಏನಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗಿರಿಜೆಗೆ ಗೊತ್ತಿರಬಹುದು, ಕೇಳಿಲ್ಲ. ಕೇಳಬೇಕು ಅಂತ ದಿನಕ್ಕೆ ಎರಡು ಸಲ ಅನ್ನಿಸುತ್ತದೆ.

ಆಮೇಲೆ ಮಾತುಕತೆ ನಡೆಯಿತು. ಮೇಷ್ಟ್ರು ಮನೆಗೆ ಬಂದು, ನನ್ನ ಕೈ ಹಿಡಿದು, "ಇಷ್ಟು ಕಾವಲು ನಮ್ಮ ಸ್ಕೂಲಿಗೂ ಇಲ್ಲ ಸಾರ್" ಅಂತ ಹೇಳಿ ನಕ್ಕರು. ಮದುವೆಯ ತಾರೀಖು ಗೊತ್ತು ಮಾಡಿದ್ದಾರೆ ಅಂತ ನನಗೆ ವಾಸನೆ ಬಂತು, ಆದರೆ ಯಾವ ದಿನ ಅಂತ ಯಾರೂ ಹೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಹೀಗೇ ಇರುವಾಗ ಒಂದು ಬೆಳಿಗ್ಗೆ ಬಸ್ಸು ಹತ್ತಲು ಹೋದರೆ ಸಾಕಮ್ಮ ಕರೆದಳು. "ಸಾ, ಬನ್ನಿ ಇಲ್ಲಿ. ನಿಮ್ಮ ಎಸ್ರೇನು?"

"ಮಹದೇವಸ್ವಾಮಿ" ಅಂದೆ, ಸಿಡುಕದೆ.

ಬುಟ್ಟಿಯ ಕೆಳಗಿಂದ ಒಂದು ಕವರು ತೆಗೆದುಕೊಟ್ಟಳು. ಮೇಲೆ ನನ್ನ ಹೆಸರು, ರತ್ನನ ಅಕ್ಷರ. ಒಂದೇ ಮನೆಯಲ್ಲಿ, ನನ್ನ ತಲೆಯ ಮೇಲಿನ ಕೋಣೆಯಲ್ಲಿ ಇರುವವಳು, ಸಾಕಮ್ಮನ ಬುಟ್ಟಿಯ ಮೂಲಕ ಕಳಿಸಿದ್ದಳು. ಒಳಗೆ ಒಂದು ಚೀಟಿ. ತಾರೀಖು, ಮುಹೂರ್ತದ ಹೊತ್ತು, ಕೆಳಗೆ ಒಂದು ಸಾಲು: 'ಧಾರೆ ನೀನೇ ಎರೆಯಬೇಕು. ಯಾರಿಗೂ ಹೇಳಬೇಡ ಅಣ್ಣ.' ಎರಡು ಸಲ ಓದುವಷ್ಟರಲ್ಲಿ ಅಕ್ಷರಗಳು ಮಂಜಾದವು. ಚೀಟಿಯನ್ನು ಮಡಿಚಿ ಒಳಜೇಬಿಗೆ ಇಟ್ಟೆ, ತೆಗೆದು ಇನ್ನೊಂದು ಜೇಬಿಗೆ ಇಟ್ಟೆ, ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಮದುವೆಗೆ ಹದಿನೆಂಟು ದಿನ ಇತ್ತು. ಪಕ್ಕದಲ್ಲಿ ಕೂತವರು ಪರಿಚಯದವರು, ಹಿಂದಿನ ಸೀಟಿನವರೂ ಪರಿಚಯದವರು. ಹೊಟ್ಟೆಯೊಳಗೆ ಅದು ಎದ್ದು ಗಂಟಲಿಗೆ ಬರುತ್ತಿತ್ತು. ನಾನು ನುಂಗುತ್ತಿದ್ದೆ.

ಬಸವರಾಜು ಟಿಕೆಟ್ ಕೊಡಲು ಬಂದವನು ನನ್ನ ಕಾಲು ನೋಡಿ, ಜೇಬಿನಿಂದ ಇಣುಕುತ್ತಿದ್ದ ಕವರು ನೋಡಿದ. "ಏನ್ ಸಾ, ಕಾಗ್ದ ಬಂದಂಗದೆ. ಯಾರ್ದು?"

ಇಡೀ ಬಸ್ಸು ಕೇಳುವ ಹಾಗೆ, ಜೀವನದಲ್ಲಿ ಮೊದಲ ಸಲ, ಎರಡೇ ಮಾತಿನಲ್ಲಿ ಉತ್ತರ ಕೊಟ್ಟೆ. "ಗ್ಯಾಸ್ ಏಜೆನ್ಸಿಯವರದು."

ಬಸವರಾಜು ನಗಲಿಲ್ಲ. ಚಿಲ್ಲರೆ ಎಣಿಸಿ ಕೈಗಿಟ್ಟು, ಮುಂದಿನ ಸೀಟಿಗೆ ಹೋದ. ತಾರೀಖು ಅವನಿಗೆ ನನಗಿಂತ ಮೊದಲೇ ಗೊತ್ತಿತ್ತು ಅಂತ ಕಾಣುತ್ತದೆ.